ಏಳು ಸಲ ಖಜಾನೆಯ ಕೀಲಿಕೈ ಹಿಡಿದ ತಕಹಾಶಿ ಕೊರೆಕಿಯೊ

ಸಾಮ್ರಾಜ್ಯ ಕಾಲದ ಜಪಾನಿನ ಮಂತ್ರಿಯೊಬ್ಬರ ಬಗ್ಗೆ ಓದುವಾಗ ನಮಗೆ ಗೊತ್ತಿರುವ ಸಚಿವ ಸಂಪುಟದ ಲೆಕ್ಕಾಚಾರವನ್ನು ಮೊದಲು ಪಕ್ಕಕ್ಕಿಡಬೇಕು. 1889ರ ಮೇಜಿ ಸಂವಿಧಾನದಲ್ಲಿ ಸಂಪುಟದ ಪ್ರಸ್ತಾಪವೇ ಇಲ್ಲ. ಅದರ 55ನೇ ವಿಧಿಯ ಪ್ರಕಾರ ಮಂತ್ರಿಗಳು ಒಬ್ಬೊಬ್ಬರಾಗಿ ಚಕ್ರವರ್ತಿಗೆ ಸಲಹೆ ಕೊಡುತ್ತಾರೆ, ಒಬ್ಬೊಬ್ಬರಾಗಿಯೇ ಅದಕ್ಕೆ ಹೊಣೆಯಾಗುತ್ತಾರೆ. ಪ್ರಧಾನಿಗೆ ತನ್ನ ಜೊತೆಯ ಮಂತ್ರಿಯನ್ನು ಕಿತ್ತುಹಾಕುವ ಅಧಿಕಾರವಿಲ್ಲ. ತೀರ್ಮಾನಗಳು ಒಮ್ಮತದಿಂದಲೇ ಆಗಬೇಕು. ಒಬ್ಬ ಮಂತ್ರಿ ಒಪ್ಪುವುದೂ ಇಲ್ಲ, ರಾಜೀನಾಮೆ ಕೊಡುವುದೂ ಇಲ್ಲ ಎಂದು ಕೂತರೆ ಇಡೀ ಸಂಪುಟವೇ ಮನೆಗೆ ಹೋಗಬೇಕು. ಇದರ ಮೇಲೆ 11ನೇ ವಿಧಿ ಸೇನೆಯ ದಂಡನಾಯಕತ್ವವನ್ನು ನೇರ ಚಕ್ರವರ್ತಿಗೆ ಕೊಟ್ಟಿತ್ತು. ಯುದ್ಧದ ವಿಚಾರದಲ್ಲಿ ಪ್ರಧಾನಿಯನ್ನು ದಾಟಿ ಅರಮನೆಗೆ ಹೋಗುವ ದಾರಿ ಸೇನಾಧಿಕಾರಿಗಳಿಗೆ ಸದಾ ತೆರೆದಿತ್ತು.

ಹಾಗಾಗಿ ಸೇನೆಗೆ ಲಗಾಮು ಹಾಕಲು ನಾಗರಿಕ ಸರ್ಕಾರಕ್ಕೆ ಉಳಿದಿದ್ದ ಗಟ್ಟಿ ಜಾಗ ಒಂದೇ, ಬಜೆಟ್. ಆ ಜಾಗದಲ್ಲಿ ಏಳು ಸಲ ಕೂತವರು ತಕಹಾಶಿ ಕೊರೆಕಿಯೊ. 1930ರ ದಶಕದ ಮಹಾ ಕುಸಿತದಿಂದ ಜಪಾನನ್ನು ಬೇರೆಯವರಿಗಿಂತ ಮೊದಲೇ ಮೇಲೆತ್ತಿದವರು ಎಂದು ಅರ್ಥಶಾಸ್ತ್ರದವರು ಇಂದಿಗೂ ಅವರನ್ನು ಹೊಗಳುತ್ತಾರೆ. ಹೊಗಳಿಕೆ ಸರಿಯೇ. ಆದರೆ ಹಣ ಹುಟ್ಟಿಸುವ ಯಂತ್ರವನ್ನು ಕಟ್ಟಿದವರೂ ಅವರೇ, ಅದನ್ನು ನಿಲ್ಲಿಸಬಲ್ಲವರೂ ಅವರೊಬ್ಬರೇ ಎಂಬಂಥ ಸ್ಥಿತಿ ಬಂದದ್ದು ಹೇಗೆ ಎನ್ನುವುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಅವರ ಆರಂಭದ ಬದುಕು ಕಾದಂಬರಿಯಲ್ಲಿ ಬರೆದರೆ ಅತಿಯಾಯಿತು ಅನ್ನಬಹುದು. 1854ರಲ್ಲಿ ಎಡೊ ನಗರದಲ್ಲಿ (ಇಂದಿನ ಟೋಕಿಯೊ), ಆಗ ದೇಶವಾಳುತ್ತಿದ್ದ ಸೇನಾಧಿಪತಿ ಶೋಗನ್‌ನ ಆಸ್ಥಾನದ ಚಿತ್ರಕಾರನೊಬ್ಬನಿಗೆ ಮದುವೆಯಾಚೆ ಹುಟ್ಟಿದ ಮಗು. ಸೆಂದಾಯ್ ಸಂಸ್ಥಾನದ ಕೆಳದರ್ಜೆಯ ಕಾಲಾಳಿನ ಮನೆಗೆ ದತ್ತು ಹೋಯಿತು. ಯೊಕೊಹಾಮಾದಲ್ಲಿ ಇಂಗ್ಲಿಷ್ ಕಲಿತ ಹುಡುಗನನ್ನು 1867ರಲ್ಲಿ ಅಮೆರಿಕಕ್ಕೆ ಕಳಿಸಿದರು. ಓದಲೆಂದು ಹೋದವನು ಏನೆಂದು ಗೊತ್ತಿಲ್ಲದ ಕಾಗದಕ್ಕೆ ಸಹಿ ಹಾಕಿ ಓಕ್‌ಲ್ಯಾಂಡಿನ ಮನೆಯೊಂದರಲ್ಲಿ ಕರಾರಿನ ಜೀತದಾಳಾದ. ಮರುವರ್ಷ ಹೇಗೋ ಬಿಡಿಸಿಕೊಂಡು ಊರಿಗೆ ಬಂದ. ಆಮೇಲೆ ಇಂಗ್ಲಿಷ್ ಮೇಷ್ಟ್ರು, ಕುಡಿತ, ಗೇಷಾಗಳ ಸಹವಾಸ, ಮತ್ತೆ ಮೇಷ್ಟ್ರುಗಿರಿ. ಕರಾತ್ಸು ಎಂಬ ಊರಲ್ಲಿ ಅವರಿಂದ ಇಂಗ್ಲಿಷ್ ಕಲಿತ ಹುಡುಗರಲ್ಲಿ ತತ್ಸುನೊ ಕಿಂಗೊ ಒಬ್ಬ. ಈ ಹೆಸರು ಮುಂದೆ ಇನ್ನೊಮ್ಮೆ ಬರುತ್ತದೆ.

ಸರ್ಕಾರಿ ನೌಕರಿಗೆ ಸೇರಿ ಅವರು ಮಾಡಿದ ಮೊದಲ ದೊಡ್ಡ ಕೆಲಸ ಪೇಟೆಂಟ್ ಕಾನೂನು. 1885ರ ಏಪ್ರಿಲ್ 18ರಂದು ಅದು ಪ್ರಕಟವಾಯಿತು, ಅದೇ ವರ್ಷ ತುಕ್ಕು ತಡೆಯುವ ಬಣ್ಣವೊಂದಕ್ಕೆ ಜಪಾನಿನ ಒಂದನೇ ನಂಬರಿನ ಪೇಟೆಂಟ್ ಸಿಕ್ಕಿತು. ಪೇಟೆಂಟ್ ಕಚೇರಿಯ ಮುಖ್ಯಸ್ಥರಾಗಿದ್ದವರು 1889ರಲ್ಲಿ ಎಲ್ಲ ಬಿಟ್ಟು ಪೆರುವಿನ ಕರವಾಕ್ರಾ ಬೆಳ್ಳಿ ಗಣಿಗೆ ಹೊರಟರು. ತೋರಿಸಿದ ಮಾದರಿ ಕಲ್ಲಿನಲ್ಲಿ ಬೆಳ್ಳಿ ಇತ್ತು, ಗಣಿಯಲ್ಲಿ ಮಾತ್ರ ಇರಲಿಲ್ಲ. ಹಿಂದಿನವರು ತೋಡಿ ಮುಗಿಸಿದ ಗುಂಡಿ ಅದು. ಕಂಪನಿ ಮುಳುಗಿತು, ಟೋಕಿಯೊದ ಮನೆ ಮಾರಾಟವಾಯಿತು.

1892ರಲ್ಲಿ ದೇಶದ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಜಪಾನ್ ಅವರನ್ನು ಕರೆದು ಕೊಟ್ಟದ್ದು ಬ್ಯಾಂಕಿಂಗ್ ಕೆಲಸವನ್ನಲ್ಲ, ಹೊಸ ಕಟ್ಟಡದ ಸಾಮಾನು-ಖರ್ಚಿನ ಉಸ್ತುವಾರಿಯನ್ನು. ವಾಸ್ತುಶಿಲ್ಪಿ ಯಾರೆಂದರೆ ಹಳೆಯ ಶಿಷ್ಯ ತತ್ಸುನೊ ಕಿಂಗೊ. ಕೆಳಗಿನ ಅಂತಸ್ತು ಕಲ್ಲಿನದು, ಮೇಲಿನವು ಇಟ್ಟಿಗೆ ಕಟ್ಟಿ ಹೊರಗೆ ತೆಳುವಾದ ಕಲ್ಲು ಹೊದಿಸಿದ್ದು. 1891ರ ನೋಬಿ ಭೂಕಂಪದ ನಂತರ ಮೇಲಿನ ಭಾರ ಇಳಿಸುವುದಕ್ಕೂ ಖರ್ಚು, ಸಮಯ ಉಳಿಸುವುದಕ್ಕೂ ಹಿಡಿದ ದಾರಿ ಅದು. ಕಟ್ಟಡ ಇವತ್ತಿಗೂ ನಿಂತಿದೆ. ಅಲ್ಲಿಂದ ಏಳೇ ವರ್ಷಕ್ಕೆ, 1899ರಲ್ಲಿ, ಅದೇ ಬ್ಯಾಂಕಿಗೆ ತಕಹಾಶಿ ಉಪ ಗವರ್ನರ್ ಆದರು.

ರಷ್ಯಾ ಜೊತೆಗಿನ ಯುದ್ಧಕ್ಕೆ ಹೊರಗಡೆ ಸಾಲ ಎತ್ತುವುದಕ್ಕೆ 1904ರಲ್ಲಿ ಅವರನ್ನೇ ಕಳಿಸಿದರು. ಕಾರ್ಯದರ್ಶಿಯಾಗಿ ಜೊತೆಗೆ ಹೋದವರು ಫುಕಾಯ್ ಏಗೊ. ಜಪಾನಿಗೆ ಬೇಕಿದ್ದದ್ದು 1 ಕೋಟಿ ಪೌಂಡ್. ಲಂಡನ್ನಿನ ಬ್ಯಾಂಕುಗಳು ಅರ್ಧಕ್ಕೆ ಮಾತ್ರ ಒಪ್ಪಿದವು, ಅದಕ್ಕೂ ಸುಂಕದ ಆದಾಯವನ್ನೇ ಒತ್ತೆ ಕೇಳಿದವು. ಚೀನಾದಲ್ಲಿದ್ದ ಹಾಗೆ ಸುಂಕ ವಸೂಲಿಯ ಮೇಲೆ ತಮ್ಮವನೊಬ್ಬನನ್ನು ಕೂರಿಸುವ ಮಾತೂ ಬಂತು. ಒತ್ತೆಗೆ ತಕಹಾಶಿ ಒಪ್ಪಿದರು, ಪರದೇಶದ ಅಧಿಕಾರಿಗೆ ಒಪ್ಪಲಿಲ್ಲ. ಉಳಿದರ್ಧ ಬಂದದ್ದು ನ್ಯೂಯಾರ್ಕಿನ ಕೂನ್ ಲೋಬ್ ಸಂಸ್ಥೆಯ ಜೇಕಬ್ ಶಿಫ್ ಅವರಿಂದ. ಯಹೂದಿಗಳ ಮೇಲೆ ತ್ಸಾರ್ ಸರ್ಕಾರ ನಡೆಸಿದ್ದ ದೌರ್ಜನ್ಯದಿಂದ ರಷ್ಯಾದ ಮೇಲೆ ಶಿಫ್‌ಗೆ ಮೊದಲೇ ಸಿಟ್ಟಿತ್ತು. ಮೇ ತಿಂಗಳ ಮೊದಲಲ್ಲೇ ಯಾಲು ನದಿಯ ಕಾಳಗವನ್ನು ಜಪಾನ್ ಗೆದ್ದದ್ದೂ ನೆರವಾಯಿತು.

ಆ ಸಾಲದ ಷರತ್ತುಗಳನ್ನು ನೋಡಿ. ಬಡ್ಡಿ 6%, ಅವಧಿ 7 ವರ್ಷ. 100 ಪೌಂಡಿನ ಪತ್ರವನ್ನು ಜನಕ್ಕೆ ಮಾರಿದ್ದು 93.5ಕ್ಕೆ. ಬ್ಯಾಂಕುಗಳು ತಮ್ಮ ಪಾಲು ಹಿಡಿದುಕೊಂಡ ಮೇಲೆ ಟೋಕಿಯೊ ಕೈಗೆ ಸಿಕ್ಕಿದ್ದು 90. ಅಂದರೆ 1 ಕೋಟಿ ಸಾಲದ ಹೊರೆ, ಕೈಗೆ 90 ಲಕ್ಷ. ನವೆಂಬರಿನ ಎರಡನೇ ಸಾಲ, 1.2 ಕೋಟಿ ಪೌಂಡ್, ಇನ್ನೂ ದುಬಾರಿ: ಮಾರಿದ ಬೆಲೆಯೇ 90.5. ಯುದ್ಧಭೂಮಿಯ ಸುದ್ದಿ ಸುಧಾರಿಸಿದ ಮೇಲೆ, 1905ರ ಮಾರ್ಚ್ ಮತ್ತು ಜುಲೈನಲ್ಲಿ ತಲಾ 3 ಕೋಟಿ ಪೌಂಡ್ 4.5% ಬಡ್ಡಿಗೆ ಸಿಕ್ಕಿತು. ಒಟ್ಟು 8.2 ಕೋಟಿ ಪೌಂಡ್. ಸಾಲದ ದರ ಯುದ್ಧದ ಸುದ್ದಿಯ ಜೊತೆ ಏರಿಳಿಯುವುದನ್ನು ವಾರವಾರ ಎದುರಿಗೆ ಕೂತು ಕಂಡವರು ಅವರು. ದೇಶದ ಶಕ್ತಿಯನ್ನು ಫಿರಂಗಿಗಳ ಲೆಕ್ಕದಲ್ಲಿ ಅಳೆಯುವವರ ಮಾತಿಗೆ ಕೊನೆಯವರೆಗೂ ಅವರು ಸೊಪ್ಪು ಹಾಕದೆ ಇದ್ದದ್ದರ ಮೂಲ ಇಲ್ಲಿದೆ ಎಂದು ನನಗನಿಸುತ್ತದೆ.

1913ರಲ್ಲಿ ಯಮಮೊತೊ ಗೊನ್ನೊಹ್ಯೊಯೆ ಸಂಪುಟದಲ್ಲಿ ಮೊದಲ ಸಲ ಹಣಕಾಸು ಮಂತ್ರಿಯಾದರು, ಸೆಯುಕಾಯ್ ಪಕ್ಷಕ್ಕೂ ಸೇರಿದರು. ಅದಕ್ಕೆ ಸ್ವಲ್ಪ ಹಿಂದೆ, 1912ರ ಕೊನೆಯಲ್ಲಿ, ಎರಡು ಹೊಸ ಸೇನಾ ಡಿವಿಜನ್‌ಗಳಿಗೆ ದುಡ್ಡು ಸಿಗಲಿಲ್ಲವೆಂದು ಯುದ್ಧ ಮಂತ್ರಿ ಉಎಹಾರಾ ರಾಜೀನಾಮೆ ಬಿಸಾಕಿದ್ದರು. ಬದಲಿ ಹೆಸರು ಕೊಡಲು ಸೇನೆ ಒಪ್ಪಲಿಲ್ಲ, ಸೈಯೊಂಜಿ ಸಂಪುಟ ಬಿದ್ದೇ ಹೋಯಿತು. ಯುದ್ಧ ಮತ್ತು ನೌಕಾ ಮಂತ್ರಿಗಳು ಸೇವೆಯಲ್ಲಿರುವ ಜನರಲ್, ಅಡ್ಮಿರಲ್‌ಗಳೇ ಆಗಿರಬೇಕು ಎಂಬ 1900ರ ನಿಯಮ ಸೇನೆಯ ಕೈಗೆ ಕೊಟ್ಟಿದ್ದ ಆಯುಧ ಇದು. ಯಮಮೊತೊ ಸಂಪುಟ ಅದನ್ನು ಸಡಿಲಿಸಿ ನಿವೃತ್ತರಿಗೂ ಅವಕಾಶ ಮಾಡಿತು. ಆದರೂ ಆ ಮೇಲೆ ಒಬ್ಬನೇ ಒಬ್ಬ ನಿವೃತ್ತ ಅಧಿಕಾರಿ ಮಂತ್ರಿಯಾಗಲಿಲ್ಲ. ಮರುವರ್ಷ, ನೌಕಾಪಡೆಯ ಅಧಿಕಾರಿಗಳು ಜರ್ಮನಿಯ ಸೀಮೆನ್ಸ್ ಕಂಪನಿಯಿಂದ ಲಂಚ ತಿಂದ ಹಗರಣ ಎದ್ದು, ಸಂಸತ್ತಿನ ಎರಡು ಸದನಗಳು ನೌಕಾಪಡೆಯ ದುಡ್ಡಿನ ಮೇಲೆ ಜಗಳಾಡಿ ಬಜೆಟ್ಟೇ ಬಿದ್ದುಹೋಯಿತು. ಹಾಗಾದಾಗ 71ನೇ ವಿಧಿಯಂತೆ ಹಿಂದಿನ ವರ್ಷದ ಬಜೆಟ್ಟೇ ಮುಂದುವರಿಯುತ್ತದೆ. ಸರ್ಕಾರ ಮಾತ್ರ ಉರುಳಿತು.

1918ರಿಂದ ಹಾರಾ ತಕಾಶಿ ಸಂಪುಟದಲ್ಲಿ ಮತ್ತೆ ಹಣಕಾಸು. 1920ರಲ್ಲಿ ತಕಹಾಶಿ ಒಂದು ಅಭಿಪ್ರಾಯ ಪತ್ರ ಅಚ್ಚು ಹಾಕಿಸಿದರು. ಅದರಲ್ಲಿದ್ದ ಸಲಹೆ, ಯುದ್ಧದ ಯೋಜನೆ ಹಾಕುವ ಸೇನೆಯ ಜನರಲ್ ಸ್ಟಾಫ್ ಕಚೇರಿಯನ್ನೇ ಮುಚ್ಚಬೇಕು ಎಂಬುದು. ಹಾರಾ ಗಾಬರಿಯಾಗಿ ಅದು ಹೊರಗೆ ಹಂಚಿಹೋಗದಂತೆ ತಡೆದರು. ಹಾರಾ ಮಾಡಿದ್ದು ತಪ್ಪೇನಲ್ಲ, ಆ ಕಾಗದ ಬೀದಿಗೆ ಬಂದಿದ್ದರೆ ಸಂಪುಟ ಉಳಿಯುತ್ತಿರಲಿಲ್ಲ. 1921ರ ನವೆಂಬರ್ 4ರಂದು ಹಾರಾ ಕೊಲೆಯಾದಾಗ ತಕಹಾಶಿಯವರೇ ಪ್ರಧಾನಿಯಾದರು, ಏಳು ತಿಂಗಳಿದ್ದರು. ಪ್ರಧಾನಿಯಾಗಿ ಅವರು ಏನೂ ಅಲ್ಲ. ಪಕ್ಷದೊಳಗಿನ ಗುಂಪುಗಾರಿಕೆ ನಿಭಾಯಿಸಲು ಬರಲಿಲ್ಲ, ಹೆಸರುಗಳನ್ನು ಮರೆಯುತ್ತಿದ್ದರು, ಮನಸ್ಸಿಗೆ ಬಂದದ್ದನ್ನು ಅಂದುಬಿಡುತ್ತಿದ್ದರು. 1924ರಲ್ಲಿ ವೈಕೌಂಟ್ ಪದವಿ ಬಿಟ್ಟು ಹಾರಾ ಅವರ ಕ್ಷೇತ್ರ ಮೊರಿಯೊಕಾದಿಂದ ಚುನಾವಣೆಗೆ ನಿಂತು, ಕೂದಲೆಳೆಯ ಅಂತರದಲ್ಲಿ ಗೆದ್ದರು. ಕೃಷಿ ಮತ್ತು ವಾಣಿಜ್ಯ ಮಂತ್ರಿಯಾಗಿ ಆ ಇಲಾಖೆಯನ್ನೇ ಎರಡು ಮಾಡಿ, ರಾಜಕೀಯ ಸಾಕೆಂದು ಮನೆಗೆ ಹೋದರು.

1927ರ ಏಪ್ರಿಲ್‌ನಲ್ಲಿ ಮತ್ತೆ ಕರೆ ಬಂತು. ಈ ಸಲ ಅವರು ಕುರ್ಚಿಯಲ್ಲಿದ್ದದ್ದು 44 ದಿನ ಮಾತ್ರ, ಆದರೆ ಅವರ ಕೈಚಳಕ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಈ 44 ದಿನಗಳಲ್ಲಿ. ಮಾರ್ಚ್ 14ರಂದು ಹಿಂದಿನ ಹಣಕಾಸು ಮಂತ್ರಿ ಕತಾವೊಕಾ, ಇನ್ನೂ ಬಾಗಿಲು ಹಾಕದಿದ್ದ ಟೋಕಿಯೊ ವತನಾಬೆ ಬ್ಯಾಂಕ್ ಮುಳುಗಿತೆಂದು ಸದನದಲ್ಲಿ ಬಾಯಿತಪ್ಪಿ ಹೇಳಿದ್ದರು. ಅಲ್ಲಿಂದ ಗಾಬರಿ ಹಬ್ಬಿತು. ಸುಜುಕಿ ಶೋತೆನ್ ಎಂಬ ವ್ಯಾಪಾರಿ ಸಂಸ್ಥೆಗೆ ಮಿತಿಮೀರಿ ಸಾಲ ಕೊಟ್ಟಿದ್ದ ತೈವಾನ್ ಬ್ಯಾಂಕ್ ಕುಸಿಯಿತು. ಅದನ್ನು ಉಳಿಸುವ ಸುಗ್ರೀವಾಜ್ಞೆಯನ್ನು ಚಕ್ರವರ್ತಿಯ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲ್ ತಿರಸ್ಕರಿಸಿ ವಕಾತ್ಸುಕಿ ಸರ್ಕಾರವನ್ನೇ ಬೀಳಿಸಿತು. ಏಪ್ರಿಲ್ 20ಕ್ಕೆ ತನಾಕಾ ಗೀಚಿ ಸಂಪುಟ ಬಂತು. 21ಕ್ಕೆ ಅರಮನೆಯ ದುಡ್ಡಿಟ್ಟಿದ್ದ ಹದಿನೈದನೇ ಬ್ಯಾಂಕೂ ಬಾಗಿಲು ಹಾಕಿತು.

ತಕಹಾಶಿ ಇಟ್ಟ ಹೆಜ್ಜೆಗಳು ಹೀಗೆ. 22 ಮತ್ತು 23, ಶುಕ್ರವಾರ ಶನಿವಾರ, ದೇಶದ ಬ್ಯಾಂಕುಗಳೆಲ್ಲ ತಾವಾಗಿಯೇ ರಜೆ ಹಾಕುವಂತೆ ಮಾಡಿದರು. 24 ಹೇಗೂ ಭಾನುವಾರ. 22ರಂದೇ ಸುಗ್ರೀವಾಜ್ಞೆಯಿಂದ ಮೂರು ವಾರದ ಮೊರಟೋರಿಯಂ, ಅಂದರೆ ಪಾವತಿಗಳಿಗೆ ತಡೆ, ಮೇ 12ರವರೆಗೆ. ಆದರೆ ಕೂಲಿ, ಸಂಬಳ, ಸರ್ಕಾರದ ಪಾವತಿಗಳಿಗೆ ತಡೆ ಇಲ್ಲ, ಠೇವಣಿಯಿಂದ ದಿನಕ್ಕೆ 500 ಯೆನ್‌ವರೆಗೆ ತೆಗೆಯಬಹುದು. ಸಾಮಾನ್ಯ ಸಂಸಾರಕ್ಕೆ ಅದು ಬೇಕಾದಷ್ಟಾಯಿತು. ಈ ಮೂರು ದಿನದ ಬಿಡುವಿನಲ್ಲಿ ನೋಟು ಅಚ್ಚಾಗಬೇಕಿತ್ತು. ಎರಡೂ ಕಡೆ ಮುದ್ರಿಸಲು ಪುರುಸೊತ್ತಿಲ್ಲದೆ 200 ಯೆನ್ ನೋಟನ್ನು ಒಂದೇ ಮಗ್ಗುಲಿಗೆ ಅಚ್ಚು ಹಾಕಿದರು, ಹಿಂಬದಿ ಬರಿ ಬಿಳಿ ಕಾಗದ. 25ರ ಸೋಮವಾರ ಬ್ಯಾಂಕುಗಳ ಬಾಗಿಲು ತೆರೆದಾಗ ಬಂದ ಗಿರಾಕಿಗೆ ಕೌಂಟರಿನ ಮೇಲೆ ಒಟ್ಟಿದ ನೋಟಿನ ಕಂತೆಗಳು ಕಣ್ಣಿಗೆ ಬೀಳುತ್ತಿದ್ದವು. ತೆಗೆಯಲು ಬಂದವರಲ್ಲಿ ಎಷ್ಟೋ ಜನ ತೆಗೆಯದೆಯೇ ಹೋದರು. ಅಸಲಿ ಕೆಲಸ ಆದದ್ದು ಮೇ ತಿಂಗಳ ವಿಶೇಷ ಅಧಿವೇಶನದಲ್ಲಿ: ಕೇಂದ್ರ ಬ್ಯಾಂಕು ಸಾಲ ಕೊಟ್ಟು ಕೈಸುಟ್ಟುಕೊಂಡರೆ 50 ಕೋಟಿ ಯೆನ್‌ವರೆಗೆ ಸರ್ಕಾರ ತುಂಬಿಕೊಡುತ್ತದೆ, ತೈವಾನ್ ಬ್ಯಾಂಕಿನ ಬಾಬ್ತು ಬೇರೆ 20 ಕೋಟಿ. ಜೂನ್ 2ರಂದು ಕೆಲಸ ಮುಗಿಯಿತೆಂದು ರಾಜೀನಾಮೆ ಕೊಟ್ಟರು.

1930ರ ಜನವರಿ 11ರಂದು, ಅಮೆರಿಕದ ಷೇರುಪೇಟೆ ಕುಸಿದ ಕೆಲವೇ ವಾರಗಳ ನಂತರ, ಹಣಕಾಸು ಮಂತ್ರಿ ಇನೊವೆ ಜುನ್ನೊಸುಕೆ ಯೆನ್ ಅನ್ನು ಹಳೆಯ ದರದಲ್ಲೇ ಚಿನ್ನಕ್ಕೆ ಕಟ್ಟಿದರು: 100 ಯೆನ್‌ಗೆ 49.85 ಡಾಲರ್. ಇನೊವೆ ಬ್ಯಾಂಕಿನಲ್ಲಿ ತಕಹಾಶಿಯವರ ಕೈಕೆಳಗೇ ಬೆಳೆದವರು. ಫಲ ಭೀಕರವಾಗಿತ್ತು. ಅಮೆರಿಕಕ್ಕೆ ಹೋಗುತ್ತಿದ್ದ ರೇಷ್ಮೆಯ ಬೆಲೆ ನೆಲಕಚ್ಚಿತು, ಹಿಪ್ಪುನೇರಳೆ ನಂಬಿದ್ದ ಹಳ್ಳಿಗಳು ಸಾಲದಲ್ಲಿ ಮುಳುಗಿದವು. 1931ರ ಡಿಸೆಂಬರ್ 13ರಂದು ಇನುಕಾಯ್ ಸಂಪುಟ ಪ್ರಮಾಣವಚನ ತೆಗೆದುಕೊಂಡ ದಿನವೇ ಹೊಸ ಹಣಕಾಸು ಮಂತ್ರಿ ತಕಹಾಶಿ ಚಿನ್ನದ ರಫ್ತು ನಿಷೇಧಿಸಿ, ಚಿನ್ನಕ್ಕೂ ಯೆನ್‌ಗೂ ಇದ್ದ ಗಂಟನ್ನು ಬಿಚ್ಚಿದರು. ಒಂದು ವರ್ಷದಲ್ಲಿ 100 ಯೆನ್‌ಗೆ ಸುಮಾರು 20 ಡಾಲರ್ ಆಯಿತು. ಅವರು ತಡೆಯಲು ಹೋಗಲಿಲ್ಲ, ಬೀಳುವಷ್ಟು ಬೀಳಲಿ ಎಂದು ಬಿಟ್ಟರು. ಆಮೇಲೆ 1 ಯೆನ್‌ಗೆ 1 ಶಿಲಿಂಗ್ 2 ಪೆನ್ಸ್ ಎಂದು ಪೌಂಡಿಗೆ ಗಂಟು ಹಾಕಿದರು.

ಇದರ ಬಿಸಿ ಭಾರತಕ್ಕೂ ತಟ್ಟಿತು. ಅಗ್ಗದ ಜಪಾನಿ ಬಟ್ಟೆ ಬಂದು ಸುರಿಯಿತು, ಬ್ರಿಟಿಷ್ ಅಲ್ಲದ ಹತ್ತಿ ಬಟ್ಟೆಯ ಮೇಲಿನ ಸುಂಕ 1932ರಲ್ಲಿ 50%, 1933ರಲ್ಲಿ 75% ಆಯಿತು. ಉತ್ತರವಾಗಿ ಜಪಾನಿನ ಗಿರಣಿಗಳು ಭಾರತದ ಹತ್ತಿ ಕೊಳ್ಳುವುದನ್ನೇ ನಿಲ್ಲಿಸಿದವು. ಕೊನೆಗೆ 1934ರ ಒಪ್ಪಂದದಲ್ಲಿ ಇಷ್ಟು ಹತ್ತಿ ಕೊಂಡರೆ ಇಷ್ಟು ಬಟ್ಟೆ ಎಂದು ಕೋಟಾ ಬಂತು, ಹೆಚ್ಚೆಂದರೆ 40 ಕೋಟಿ ಗಜ. ಮೈಸೂರು ಸಂಸ್ಥಾನದ ರೇಷ್ಮೆಯವರು ಜಪಾನ್, ಚೀನಾಗಳ ಅಗ್ಗದ ರೇಷ್ಮೆಯಿಂದ ಸೋತು ಸಂರಕ್ಷಣೆ ಕೇಳಿದ್ದೂ ಇದೇ ವರ್ಷಗಳಲ್ಲಿ.

ಎರಡನೇ ಹೆಜ್ಜೆ ಬಡ್ಡಿ. ಜಪಾನಿನ ಬ್ಯಾಂಕುಗಳು ಆಗ ಬಡ್ಡಿಯನ್ನು ದಿನದ ಲೆಕ್ಕದಲ್ಲಿ ಹೇಳುತ್ತಿದ್ದವು, ನೂರು ಯೆನ್‌ಗೆ ದಿನಕ್ಕೆ ಇಷ್ಟು ಸೆನ್ ಎಂದು (ನೂರು ಸೆನ್ ಸೇರಿದರೆ ಒಂದು ಯೆನ್). 1932ರ ಆರಂಭದಲ್ಲಿ ಕೇಂದ್ರ ಬ್ಯಾಂಕಿನ ದರ ದಿನಕ್ಕೆ 1.8 ಸೆನ್, ವರ್ಷಕ್ಕೆ 6.57%. ಅದನ್ನು 1.6, 1.4, 1.2 ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ 1933ರ ಜುಲೈಗೆ ಸರಿಯಾಗಿ 1 ಸೆನ್‌ಗೆ ತಂದರು, ಅಂದರೆ 3.65%. ಚಿನ್ನದ ಬೆಂಬಲವಿಲ್ಲದೆ ಕೇಂದ್ರ ಬ್ಯಾಂಕ್ ಹೊರಡಿಸಬಹುದಾದ ನೋಟಿನ ಮಿತಿಯನ್ನು 12 ಕೋಟಿ ಯೆನ್‌ನಿಂದ 100 ಕೋಟಿಗೆ ಏರಿಸಿದರು. ಬಂಡವಾಳ ಹೊರದೇಶಕ್ಕೆ ಓಡದಂತೆ 1932ರಲ್ಲೇ ಕಾನೂನು ತಂದರು. ಬ್ಯಾಂಕುಗಳು ಸರ್ಕಾರಿ ಬಾಂಡುಗಳನ್ನು, ಅಂದರೆ ಸರ್ಕಾರದ ಸಾಲಪತ್ರಗಳನ್ನು, ಪೇಟೆ ಬೆಲೆಯ ಬದಲು ನಿಗದಿತ ಬೆಲೆಯಲ್ಲಿ ಲೆಕ್ಕಕ್ಕೆ ಹಿಡಿಯಬಹುದೆಂದೂ ಕಾನೂನಾಯಿತು. ಈ ಕೊನೆಯದನ್ನು ಯಾರೂ ಗಮನಿಸುವುದಿಲ್ಲ. ಆದರೆ ಅದಿಲ್ಲದಿದ್ದರೆ ಬಾಂಡಿನ ಬೆಲೆ ಇಳಿದಾಗಲೆಲ್ಲ ಬ್ಯಾಂಕುಗಳ ಪುಸ್ತಕದಲ್ಲಿ ನಷ್ಟ ಕಾಣುತ್ತಿತ್ತು, ಮುಂದೆ ಬಾಂಡ್ ಕೊಳ್ಳುವವರೇ ಇರುತ್ತಿರಲಿಲ್ಲ.

ಮೂರನೆಯದೇ ಯಂತ್ರದ ತಿರುಳು. 1932ರ ನವೆಂಬರಿನಿಂದ ಸರ್ಕಾರ ತನ್ನ ಬಾಂಡನ್ನು ಪೇಟೆಗೆ ಒಯ್ಯದೆ ನೇರವಾಗಿ ಬ್ಯಾಂಕ್ ಆಫ್ ಜಪಾನಿಗೆ ಮಾರತೊಡಗಿತು. ಬ್ಯಾಂಕು ಅದಕ್ಕೆ ಸರ್ಕಾರದ ಖಾತೆಗೆ ಹಣ ಜಮಾ ಮಾಡುತ್ತದೆ. ಸರ್ಕಾರ ಆ ಹಣದಲ್ಲಿ ಚೀನಾದ ಈಶಾನ್ಯ ಭಾಗವಾದ ಮಂಚೂರಿಯಾವನ್ನು ಹಿಡಿದಿದ್ದ ಸೇನೆಗೂ, ನೌಕಾಪಡೆಗೂ, ಹಳ್ಳಿಗಳ ರಸ್ತೆ-ಕಾಲುವೆ ಕೂಲಿಗೂ ಖರ್ಚು ಮಾಡುತ್ತದೆ. ಖರ್ಚಾದ ಹಣ ಗುತ್ತಿಗೆದಾರರ, ಕಾರ್ಖಾನೆಗಳ ಕೈದಾಟಿ ಊರ ಬ್ಯಾಂಕುಗಳಲ್ಲಿ ಠೇವಣಿಯಾಗುತ್ತದೆ. ಸಾಲ ಕೇಳುವವರಿಲ್ಲದೆ ಆ ಬ್ಯಾಂಕುಗಳ ಕೈಯಲ್ಲಿ ಹಣ ಕೊಳೆಯುತ್ತಿರುವಾಗ ಬ್ಯಾಂಕ್ ಆಫ್ ಜಪಾನ್ ಅದೇ ಬಾಂಡುಗಳನ್ನು ಅವುಗಳಿಗೆ ಮಾರಿ ನೋಟನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಏತದ ಬಾವಿಯಲ್ಲಿ ಕೊಡ ಇಳಿದು ಏರುವ ಹಾಗೆ, ಹೋದದ್ದು ಬಂದರೆ ಮಾತ್ರ ಕೆಲಸ. ಮೊದಲ ಮೂರು ವರ್ಷ ಬಂತು: ಕೊಂಡ ಬಾಂಡುಗಳಲ್ಲಿ ಬಹುಪಾಲು ಮಾರಾಟವಾದವು, ಬೆಲೆಗಳು ಹತೋಟಿಯಲ್ಲಿದ್ದವು. ಬಾಂಡಿನ ಬಡ್ಡಿ 5ರಿಂದ 4.5ಕ್ಕೆ, ಮುಂದೆ 4%ಗೆ ಇಳಿಯಿತು. ಬ್ಯಾಂಕಿನ ಕಡೆಯಿಂದ ಇದನ್ನು ನಡೆಸಿದವರಲ್ಲಿ ಮುಖ್ಯರು ಲಂಡನ್ನಿನ ದಿನಗಳ ಅದೇ ಫುಕಾಯ್ ಏಗೊ.

ಕೆಡುವುದು ಎಲ್ಲಿ ಎಂದರೆ, ಆರ್ಥಿಕತೆ ಚೇತರಿಸಿದ ಕೂಡಲೇ. ಕಾರ್ಖಾನೆಗಳು ಸಾಲ ಕೇಳಲು ಶುರುಮಾಡಿದರೆ ಬ್ಯಾಂಕುಗಳಿಗೆ 4% ಬಾಂಡ್ ಯಾಕೆ ಬೇಕು? ಮಾರಾಟವಾಗದ ಬಾಂಡು ಕೇಂದ್ರ ಬ್ಯಾಂಕಿನಲ್ಲೇ ಉಳಿಯುತ್ತದೆ, ಹೊರಹೋದ ನೋಟು ಹಿಂದಿರುಗುವುದಿಲ್ಲ, ಬೆಲೆ ಏರುತ್ತದೆ. 1935ರ ಎರಡನೇ ಭಾಗದಲ್ಲಿ ಈ ಲಕ್ಷಣ ಕಂಡಿತು. ಪರಿಹಾರ ಒಂದೇ, ಹೊಸ ಬಾಂಡುಗಳನ್ನು ವರ್ಷವರ್ಷ ಕಡಿಮೆ ಮಾಡುವುದು. ಅದಕ್ಕೆ ಯಾರದೋ ಖರ್ಚು ಕತ್ತರಿಸಬೇಕು. ಹಳ್ಳಿಗಳ ಪರಿಹಾರ ಕಾಮಗಾರಿಯನ್ನು ಮೂರು ವರ್ಷಕ್ಕೇ ನಿಲ್ಲಿಸಿಯಾಗಿತ್ತು. ಅದು ತಪ್ಪು ಕಡೆ ಹಾಕಿದ ಕತ್ತರಿ ಅಂತಲೇ ನನ್ನ ಅಭಿಪ್ರಾಯ, ಏಕೆಂದರೆ 1934ರಲ್ಲಿ ಈಶಾನ್ಯ ಜಪಾನಿನಲ್ಲಿ ಬೆಳೆ ಕೈಕೊಟ್ಟು ಜನ ಹಸಿದಿದ್ದರು, ಸಿಪಾಯಿಗಳಲ್ಲಿ ಬಹಳಷ್ಟು ಮಂದಿ ಅಂಥ ಹಳ್ಳಿಗಳವರೇ. 1931ರಲ್ಲಿ ಒಟ್ಟು ವೆಚ್ಚದ ಮೂರನೇ ಒಂದಕ್ಕಿಂತ ಕಡಿಮೆಯಿದ್ದ ಸೇನೆ-ನೌಕಾಪಡೆಗಳ ಪಾಲು ಈ ಹೊತ್ತಿಗೆ ಅರ್ಧಕ್ಕೆ ಹತ್ತಿರವಾಗಿತ್ತು. ಅದನ್ನು ಅಷ್ಟಕ್ಕೆ ಏರಿಸಿದ ಬಜೆಟ್ಟುಗಳೂ ತಕಹಾಶಿಯವರವೇ. ಮಂಚೂರಿಯಾದ ಖರ್ಚು ನಡೆದದ್ದು ಅವರ ಬಾಂಡುಗಳಿಂದ. ಅವರನ್ನು ಬರೀ ಶಾಂತಿದೂತನಂತೆ ಬರೆಯುವವರು ಈ ಪುಟವನ್ನು ಹಾರಿಸುತ್ತಾರೆ.

ಬಜೆಟ್ ತಯಾರಾಗುತ್ತಿದ್ದ ಕ್ರಮ ಗೊತ್ತಿದ್ದರೆ ಮುಂದಿನ ಜಗಳ ಅರ್ಥವಾಗುತ್ತದೆ. ಹಣಕಾಸು ವರ್ಷ ನಮ್ಮಂತೆಯೇ ಏಪ್ರಿಲ್‌ನಿಂದ ಮಾರ್ಚ್. ಬೇಸಿಗೆಯಲ್ಲಿ ಇಲಾಖೆಗಳು ಅಂದಾಜು ಪಟ್ಟಿ ಕೊಡುತ್ತವೆ. ಹಣಕಾಸು ಇಲಾಖೆಯ ಬಜೆಟ್ ವಿಭಾಗ ಅದನ್ನು ಜಾಲಾಡಿ ಕತ್ತರಿಸುತ್ತದೆ. ನವೆಂಬರಿನಲ್ಲಿ ಕರಡು ಸಂಪುಟದ ಮುಂದೆ ಬಂದಾಗ ಮಂತ್ರಿಗಳು ಕತ್ತರಿಸಿದ್ದನ್ನು ವಾಪಸ್ ಕೇಳುತ್ತಾರೆ. ಇಲ್ಲಿ ಒಮ್ಮತ ಬೇಕು. ಯುದ್ಧ ಮಂತ್ರಿ ರಾಜೀನಾಮೆಯ ಬೆದರಿಕೆ ಹಾಕಬಹುದು. ಆದರೆ ಅದೇ ಅಸ್ತ್ರ ಹಣಕಾಸು ಮಂತ್ರಿಯ ಬತ್ತಳಿಕೆಯಲ್ಲೂ ಇತ್ತು. ಬೇರೆಯವರು ಅದನ್ನು ಬಳಸಿದ್ದರೆ ಸೇನೆ ನಕ್ಕುಬಿಡುತ್ತಿತ್ತು. ತಕಹಾಶಿ ಹೋದರೆ ಬಾಂಡ್ ಪೇಟೆ ನಡುಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಚಾರ. ಅವರ ನಂತರ 1934ರಲ್ಲಿ ಆ ಕುರ್ಚಿಗೆ ಬಂದ ಫುಜಿಯಿ ಮಸನೊಬು ಬಜೆಟ್ ಗುದ್ದಾಟದಲ್ಲೇ ಹಾಸಿಗೆ ಹಿಡಿದು ನವೆಂಬರಿನಲ್ಲಿ ಬಿಟ್ಟರು, ಕೆಲವೇ ವಾರಗಳಲ್ಲಿ ತೀರಿಕೊಂಡರು. ಎಂಬತ್ತರ ಮುದುಕ ತಕಹಾಶಿಯನ್ನೇ ಏಳನೇ ಸಲ ಕರೆಯಬೇಕಾಯಿತು.

1935ರ ನವೆಂಬರ್ ಕೊನೆಯ ಸಂಪುಟ ಸಭೆಗಳು ರಾತ್ರಿಯಿಡೀ ನಡೆದವು. ಜಪಾನ್ ಸಂಪನ್ಮೂಲವಿಲ್ಲದ ದೇಶ, ದೊಡ್ಡ ದೇಶಗಳ ಜೊತೆ ಶಸ್ತ್ರಪೈಪೋಟಿಗೆ ಇಳಿದರೆ ಹಣದ ಮೇಲಿನ ನಂಬಿಕೆಯೇ ಹೋಗುತ್ತದೆ, ಆಮೇಲೆ ರಕ್ಷಣೆಯೂ ಉಳಿಯುವುದಿಲ್ಲ ಎಂಬುದು ತಕಹಾಶಿಯವರ ವಾದ. ಯುದ್ಧ ಮಂತ್ರಿ ಕವಾಶಿಮಾಗೆ ಕೊನೆಗೆ ಸಿಕ್ಕಿದ್ದು ಕೇಳಿದ್ದಕ್ಕಿಂತ ಬಹಳ ಕಡಿಮೆ. ಈ ಮಾತುಗಳು ಪತ್ರಿಕೆಗಳಲ್ಲಿ ಬಂದವು, ಸೇನೆಯ ಕಿರಿಯ ಅಧಿಕಾರಿಗಳು ಓದಿದರು.

1936ರ ಫೆಬ್ರವರಿ 26ರ ಬೆಳಗಿನ ಜಾವ, ಹಿಮ ಬಿದ್ದಿದ್ದ ಟೋಕಿಯೊದಲ್ಲಿ, 1,400ಕ್ಕೂ ಹೆಚ್ಚು ಸೈನಿಕರು ದಂಗೆ ಎದ್ದರು. ಅಕಸಾಕಾದ ತಕಹಾಶಿ ಮನೆಗೆ ಹೋದ ತುಕಡಿಯ ಮುಂದಾಳು ಲೆಫ್ಟಿನೆಂಟ್ ನಕಹಾಶಿ ಮೊತೊಆಕಿ. ಮಹಡಿಯ ಮಲಗುವ ಕೋಣೆಯಲ್ಲಿ ಹಾಸಿಗೆಯಲ್ಲೇ ಗುಂಡು ಹೊಡೆದು, ಕತ್ತಿಯಿಂದ ಕಡಿದರು. ಆಗ ಅವರಿಗೆ 81. ನಾಲ್ಕು ದಿನದಲ್ಲಿ ದಂಗೆ ಅಡಗಿತು.

ಮಾರ್ಚ್‌ನಲ್ಲಿ ಬಂದ ಹಿರೊತಾ ಸಂಪುಟದ ಹಣಕಾಸು ಮಂತ್ರಿ ಬಾಬಾ ಎಯಿಚಿ, ಬಾಂಡ್ ಕಡಿತದ ನೀತಿಯನ್ನು ಕೈಬಿಟ್ಟರು. ಕೇಂದ್ರ ಬ್ಯಾಂಕಿನ ದರ ದಿನಕ್ಕೆ 0.9 ಸೆನ್‌ಗೆ, ಬಾಂಡಿನ ಬಡ್ಡಿ 3.5%ಗೆ ಇಳಿಯಿತು. ಸುಮಾರು 230 ಕೋಟಿ ಯೆನ್ ಇದ್ದ ಬಜೆಟ್ ಮುಂದಿನ ವರ್ಷದ ಕರಡಿನಲ್ಲಿ 300 ಕೋಟಿ ದಾಟಿತು. ಮೇ ತಿಂಗಳಲ್ಲಿ, 1913ರಲ್ಲಿ ಸಡಿಲಿಸಿದ್ದ ಆ ನಿಯಮ ಮರಳಿ ಬಂತು: ಯುದ್ಧ ಮಂತ್ರಿ ಸೇವೆಯಲ್ಲಿರುವ ಜನರಲ್ಲೇ ಆಗಬೇಕು. 1937ರ ಜನವರಿಯಲ್ಲಿ ಜನರಲ್ ಉಗಾಕಿ ಸಂಪುಟ ರಚಿಸಲು ಹೋದಾಗ ಸೇನೆ ಮಂತ್ರಿಯನ್ನೇ ಕೊಡಲಿಲ್ಲ, ಉಗಾಕಿ ಬರಿಗೈಲಿ ಮರಳಿದರು. ಜುಲೈನಲ್ಲಿ ಚೀನಾದೊಂದಿಗೆ ಯುದ್ಧ ಶುರುವಾದ ಮೇಲೆ ನೇರ ಬಾಂಡ್ ಮಾರಾಟವೇ ಯುದ್ಧದ ಖಜಾನೆಯಾಯಿತು.

ಸೋಲಿನ ನಂತರ, 1947ರ ಹಣಕಾಸು ಕಾನೂನಿನ 5ನೇ ವಿಧಿ ಸರ್ಕಾರದ ಬಾಂಡನ್ನು ಬ್ಯಾಂಕ್ ಆಫ್ ಜಪಾನ್ ನೇರವಾಗಿ ಕೊಳ್ಳುವುದನ್ನು ನಿಷೇಧಿಸಿತು. ಅದೇ ವಿಧಿಯಲ್ಲಿ ಒಂದು ಕಿಂಡಿಯನ್ನೂ ಬಿಟ್ಟಿದ್ದಾರೆ: ವಿಶೇಷ ಕಾರಣವಿದ್ದರೆ, ಸಂಸತ್ತು ಮೊತ್ತ ಗೊತ್ತುಮಾಡಿ ನಿರ್ಣಯ ಮಾಡಿದರೆ, ಅಷ್ಟರ ಮಟ್ಟಿಗೆ ಕೊಳ್ಳಬಹುದು.